ಆಮದಾದ ಆರಡಿ ಮೂರಿಂಚು

ಹೋದ ಭಾನುವಾರ ಅಡುಗೆಮನೆಯ ಕಟ್ಟೆಯ ಮೇಲೆ ಹಾಲು ಚೆಲ್ಲಿಕೊಂಡೆ. ಹೆಂಡತಿ ನೋಡುವುದರೊಳಗೆ ಒರೆಸಿಬಿಡೋಣವೆಂದು ಸಿಂಕಿನ ಪಕ್ಕದ ಬಟ್ಟೆಗೆ ಕೈಹಾಕಿದೆ. ಎಷ್ಟು ಒರೆಸಿದರೂ ಹಾಲು ಕಟ್ಟೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿತ್ತೇ ಹೊರತು ಬಟ್ಟೆಗೆ ಹತ್ತುತ್ತಿರಲಿಲ್ಲ. ಇದೆಂಥ ಬಟ್ಟೆಯಪ್ಪಾ ಎಂದು ಬಿಡಿಸಿ ನೋಡಿದರೆ, ಕೆಂಪು ಬಣ್ಣದ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ನನ್ನದೇ ಹೆಸರು.

"ಏನೇ ಇದು? ನನ್ನ ಜೆರ್ಸಿ ಅಲ್ವಾ?" ಎಂದು ಕೂಗಿದೆ.

"ಹೂಂ. ಮಸಿಬಟ್ಟೆಗೆ ಆಗುತ್ತೆ ಅಂತ ಇಟ್ಕೊಂಡೆ," ಎಂದಳು ವಾಣಿ, ನನ್ನ ಹೆಂಡತಿ. "ಬಿಸಿ ಪಾತ್ರೆ ಹಿಡಿಯೋಣ ಅಂದ್ರೆ ಕರಗುತ್ತೆ. ಒರೆಸೋಣ ಅಂದ್ರೆ ನೀರು ಹೀರಲ್ಲ. ಅದ್ಯಾತಕ್ಕೆ ಮಾಡಿದ್ರೋ ಏನೋ!"

ಬಾಸ್ಕೆಟ್‌ಬಾಲ್ ಆಡಲಿಕ್ಕೆ ಮಾಡಿದ್ದರು ಎಂದು ಹೇಳಬಹುದಿತ್ತು. ಆದರೆ ಅದನ್ನು ತೊಟ್ಟು ನಾನು ಆಡಿದ ಆಟವನ್ನು ಅವಳು ಕಣ್ಣಾರೆ ಕಂಡವಳು. ಆ ಆಟಕ್ಕೆ ಹೋಲಿಸಿದರೆ ಜೆರ್ಸಿ ಹಾಲು ಒರೆಸುವ ಕೆಲಸವನ್ನು ನಿಜಕ್ಕೂ ಚೆನ್ನಾಗಿಯೇ ಮಾಡುತ್ತಿತ್ತು.

ನನ್ನ ಎತ್ತರ ಆರಡಿ ಮೂರಿಂಚು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಕೆಲವರು ತಮ್ಮ ಸಕ್ಕರೆ ಕಾಯಿಲೆಯ ಬಗ್ಗೆ ಹೇಳಿಕೊಳ್ಳುವ ಹಾಗೆ ಹೇಳುತ್ತಿದ್ದೇನೆ. ನಂಜನಗೂಡಿನ ನಮ್ಮ ಮನೆಯಲ್ಲಿ ಏಣಿ ಇರಲಿಲ್ಲ. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅದರ ಅಗತ್ಯವೂ ಇರಲಿಲ್ಲ. ಬೀದಿಯವರೆಲ್ಲ ಸಕ್ಕರೆ, ಕಾಫಿಪುಡಿಗಳ ಜೊತೆ ನನ್ನನ್ನೂ ಕಡ ಕೇಳುತ್ತಿದ್ದರು. "ಟೀಚರ್, ನಿಮ್ಮ ರಾಘೂನ ಒಂದ್ನಿಮಿಷ ಕಳಿಸ್ತೀರಾ? ಬಲ್ಬ್ ಹೋಗಿದೆ." ಟೀಚರ್ ಎಂದರೆ ನನ್ನ ಅಮ್ಮ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳ ಎತ್ತರ ಐದಡಿಗೂ ಕಡಿಮೆ. ಇಷ್ಟು ಉದ್ದದ ಮಗ ಅವಳಿಗೆ ಹೇಗೆ ಹುಟ್ಟಿದ ಎಂದು ಬಂದವರೆಲ್ಲ ಕೇಳುವವರೇ. "ಹುಟ್ಟಿದಾಗ ಇಷ್ಟುದ್ದ ಇರಲಿಲ್ಲ," ಎಂದು ಅವಳು ಗಂಭೀರವಾಗಿ ಉತ್ತರಿಸುತ್ತಿದ್ದಳು.

ನನ್ನ ಮುಖ್ಯ ಉದ್ಯೋಗ ಅಟ್ಟ. ನವರಾತ್ರಿ ಬಂದರೆ ಗೊಂಬೆ ಪೆಟ್ಟಿಗೆ ಇಳಿಸುವುದು, ಮುಗಿದರೆ ಏರಿಸುವುದು. ಮಾವಿನಕಾಯಿ ಕಾಲದಲ್ಲಿ ಉಪ್ಪಿನಕಾಯಿ ಜಾಡಿ. ನಾನು ಕೈ ಮೇಲೆತ್ತಿ ನಿಂತಿದ್ದರೆ ಅಮ್ಮ ಕೆಳಗಿನಿಂದ ನಿರ್ದೇಶನ ಕೊಡುವಳು. "ಸ್ವಲ್ಪ ಎಡಕ್ಕೆ. ಇನ್ನೂ ಒಳಗೆ ತಳ್ಳು. ಅಷ್ಟಲ್ಲ. ಹಾಂ, ಈಗ ಬಿಡು." ಆ "ಈಗ ಬಿಡು" ಬರುವವರೆಗೆ ಬಿಡುವಂತಿಲ್ಲ. ಒಮ್ಮೆ ಅವಸರಪಟ್ಟು ಬಿಟ್ಟಿದ್ದರಿಂದ ಒಂದು ವರ್ಷದ ಮಿಡಿ ಉಪ್ಪಿನಕಾಯಿ ನನ್ನ ತಲೆಯ ಮೇಲಿಂದ ಇಳಿದು ಹೋಯಿತು. ಅಂದಿನಿಂದ ಯಾವುದನ್ನೇ ಮೇಲೆ ಇಡುವಾಗಲೂ ನನ್ನ ಕಣ್ಣು ತಾನಾಗಿ ಕೆಳಗೆ ಅಮ್ಮನನ್ನು ಹುಡುಕುತ್ತಿತ್ತು. ಈ ಅಭ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನ್ನ ಮಾನ ಕಳೆಯಲಿದೆ.

ಇಂಥ ಎತ್ತರವನ್ನು ಹೊತ್ತುಕೊಂಡು ನಾನು ಭೂವಿಜ್ಞಾನಿಯಾದೆ. ಎಂದರೆ ದಿನವಿಡೀ ಬಗ್ಗಿ ನೆಲ ನೋಡುವ ಕೆಲಸ. ಮೊದಲು ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಒಂದು ಗಾಜಿನ ಆಫೀಸಿನಲ್ಲಿ ಕೂತು ಕಂಪ್ಯೂಟರಿನಲ್ಲೇ ನೆಲ ನೋಡುತ್ತಿದ್ದೆ. ಅಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಇಬ್ಬರು ಫಿಲಿಪಿನೋಗಳಿದ್ದರು. ಅವರು ಕುಡಿದ ಕಾಫಿಯ ಲೋಟವನ್ನು ಕಸದ ಬುಟ್ಟಿಯ ಹತ್ತಿರ ಹೋಗಿ ಹಾಕಿದ್ದನ್ನು ನಾನು ಎಂದೂ ನೋಡಲಿಲ್ಲ. ದೂರದಿಂದ, ಒಂದು ಸಣ್ಣ ನೆಗೆತದೊಂದಿಗೆ, ಮಣಿಕಟ್ಟನ್ನು ಬಾಗಿಸಿ ಎಸೆಯುತ್ತಿದ್ದರು. ಆಮೇಲೆ ಇಬ್ಬರೂ ಕೈ ಕೈ ತಟ್ಟಿಕೊಳ್ಳುವರು. ಊಟದ ಬಿಡುವಿನಲ್ಲಿ ಕಾರ್ ಪಾರ್ಕಿನಲ್ಲಿ ಟೈ ಕಟ್ಟಿಕೊಂಡೇ ಚಪ್ಪಲಿ ಹಾಕಿಕೊಂಡು ಚೆಂಡು ಕುಟ್ಟುತ್ತಿದ್ದರು. ಅದೇನು ಹುಚ್ಚೋ ಎಂದು ನಾನು ಮೂಗು ಮುರಿಯುತ್ತಿದ್ದೆ. ಹಾಗೆ ಮೂಗು ಮುರಿಯುತ್ತಿದ್ದ ಹೊತ್ತಿನಲ್ಲೇ ನನ್ನ ಇನ್ನೊಂದು ಕಣ್ಣು ಮೊಬೈಲಿನಲ್ಲಿ, ಭಾರತದ ಹನ್ನೊಂದು ಜನ ಇನ್ಯಾವುದೋ ದೇಶದ ಹನ್ನೊಂದು ಜನರ ಜೊತೆ ಐದು ದಿನ ಆಡಿ ಡ್ರಾ ಮಾಡಿಕೊಳ್ಳುವುದನ್ನು ನೋಡುತ್ತಿತ್ತು ಎಂಬುದು ಬೇರೆ ಮಾತು.

ನಮ್ಮವರಿಗೂ ಬಾಸ್ಕೆಟ್‌ಬಾಲ್ ರಿಂಗ್ ಗೊತ್ತಿಲ್ಲವೆಂದಲ್ಲ. ಬ್ರಿಸ್ಬೇನಿನದೇ ನಾರ್ತ್ ಲೇಕ್ಸ್‌ನಲ್ಲಿ ನನ್ನ ಗೆಳೆಯ ಗಿರೀಶ ಕೊಂಡ ಮನೆಯ ಗ್ಯಾರೇಜಿನ ಮೇಲೆ ಹಳೆಯ ಮಾಲೀಕರು ಬಿಟ್ಟುಹೋದ ರಿಂಗ್ ಇತ್ತು. ಗೃಹಪ್ರವೇಶದ ದಿನ ಅವನ ಹೆಂಡತಿ ಅದಕ್ಕೆ ಮಾವಿನ ತೋರಣ ಕಟ್ಟಿದಳು. ತೋರಣ ಒಣಗಿದ ಮೇಲೆ ಒಂದು ಮನಿಪ್ಲಾಂಟ್ ಕುಂಡವನ್ನು ಅದರಲ್ಲಿ ಕೂರಿಸಿದಳು. ಕುಂಡ ಅಳತೆಗೆ ಸರಿಯಾಗಿ ಕೂತಿತೆಂದು ಗಿರೀಶ ಇಂದಿಗೂ ಬಂದವರಿಗೆಲ್ಲ ತೋರಿಸುತ್ತಾನೆ. ಕುಂಡ ಏರಿಸಿದ್ದು ಯಾರೆಂದು ನಾನು ಹೇಳಬೇಕಾಗಿಲ್ಲ.

ಆಮೇಲೆ ಪರ್ತ್‌ಗೆ ಬಂದೆವು. ಕಬ್ಬಿಣದ ಅದಿರಿಗೆ ಚಿನ್ನದ ಬೆಲೆಯಿದ್ದ ಕಾಲ. ಕಲ್ಲನ್ನೂ ಇಟ್ಟಿಗೆಯನ್ನೂ ಬೇರೆ ಬೇರೆ ಗುರುತಿಸಬಲ್ಲ ಯಾರಿಗೇ ಆದರೂ ಗಣಿ ಕಂಪನಿಗಳು ಕರೆದು ಕೆಲಸ ಕೊಡುತ್ತಿದ್ದವು. ನಮ್ಮ ಬಾಡಿಗೆ ಮನೆಯ ಎದುರುಮನೆಯಲ್ಲಿ ರೊಮೆಲ್ ಎಂಬ ಫಿಲಿಪಿನೋ ಇದ್ದ. ಗಣಿಯ ದೊಡ್ಡ ಲಾರಿಗಳ ಮೆಕ್ಯಾನಿಕ್. ನನ್ನ ಎದೆಯೆತ್ತರದ, ಗುಂಡಗಿನ, ಸದಾ ನಗುವ ಮನುಷ್ಯ. ಅವನ ಗ್ಯಾರೇಜಿನ ಮೇಲೂ ರಿಂಗ್ ಇತ್ತು, ಆದರೆ ಅದರಲ್ಲಿ ಮನಿಪ್ಲಾಂಟ್ ಇರಲಿಲ್ಲ. ನಾವು ಸಾಮಾನು ಇಳಿಸುತ್ತಿದ್ದ ದಿನ ಅವನು ರಸ್ತೆ ದಾಟಿ ಬಂದು, ಹೆಣ್ಣು ಹೆತ್ತವರು ಅಮೆರಿಕದ ವರನನ್ನು ನೋಡುವ ಹಾಗೆ ನನ್ನನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದ. ಹೆಸರು ಕೇಳುವ ಮೊದಲು ಎತ್ತರ ಕೇಳಿದ. ಅವನ ಇಂಗ್ಲಿಷನ್ನು ನಾನು ಇಲ್ಲಿ ಕನ್ನಡ ಮಾಡಿದ್ದೇನೆ. ಅವನಿಗೆ ಕನ್ನಡ ಬಂದಿದ್ದರೆ ಹೀಗೇ ಮಾತಾಡುತ್ತಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

"ಆರಡಿ ಮೂರಿಂಚಾ! ಆಡ್ತೀರಾ ಸರ್?"

"ಇಲ್ಲಪ್ಪ, ನಂಗೆ ಆಡಕ್ಕೆ ಬರಲ್ಲ."

"ಅಯ್ಯೋ, ಎಷ್ಟು ವಿನಯ!" ಎಂದು ಅವನು ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು ತೋರಿಸಿದ.

ನಾನು ಜೀವಮಾನದಲ್ಲಿ ಇಷ್ಟು ಸತ್ಯವನ್ನು ಇಷ್ಟು ಸಲ ಎಂದೂ ಹೇಳಿಲ್ಲ. ಚೆಂಡು ಮುಟ್ಟಿಯೇ ಇಲ್ಲವೆಂದೆ. ವಿನಯ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ನನ್ನನ್ನು ನೆಟ್ ಕಟ್ಟುವುದಕ್ಕೆ ಮಾತ್ರ ಕರೆಯುತ್ತಿದ್ದರು ಎಂದೆ. ಹಾಸ್ಯಪ್ರಜ್ಞೆ! ಆಡಲು ಬಾರದ ಆರಡಿ ಮೂರಿಂಚು ಎಂಬ ವಸ್ತು ಈ ಲೋಕದಲ್ಲಿ ಇರುವುದು ಸಾಧ್ಯವೆಂದು ರೊಮೆಲ್‌ಗೆ ಹೊಳೆಯಲೇ ಇಲ್ಲ. ಅವನ ಊರಿನಲ್ಲಿ ತೆಂಗಿನ ಮರಕ್ಕೆ ಮೊಳೆ ಹೊಡೆದು ರಿಂಗ್ ಕಟ್ಟುತ್ತಾರಂತೆ. ಊರಿನ ಅಂಕಣದಲ್ಲಿ ಬೆಳಿಗ್ಗೆ ಭತ್ತ ಒಣಗಿಸಿ, ಸಂಜೆ ಗುಡಿಸಿ ಆಡುತ್ತಾರಂತೆ. ಮದುವೆ ಅಲ್ಲೇ, ಚುನಾವಣೆ ಅಲ್ಲೇ, ಸತ್ತವರನ್ನು ಕೊನೆಯದಾಗಿ ನೋಡುವುದೂ ಅಲ್ಲೇ. ಇಷ್ಟೆಲ್ಲ ಇದ್ದೂ ದೇವರು ಅವರಿಗೆ ಎತ್ತರವನ್ನು ಕೊಡಲಿಲ್ಲ. ಅದನ್ನು ತಂದು ನಂಜನಗೂಡಿನಲ್ಲಿ ಬಲ್ಬು ಬದಲಿಸುವವನಿಗೆ ಕೊಟ್ಟ.

ಇನ್ನೊಂದು ತೊಡಕು ಹುಬ್ಬಿನದು. ಅವರು "ಹೌದು" ಎನ್ನುವುದಕ್ಕೆ ಬಾಯಿ ಬಿಡುವುದಿಲ್ಲ, ಎರಡೂ ಹುಬ್ಬು ಮೇಲೆ ಹಾರಿಸುತ್ತಾರೆ. ನಮ್ಮ ಕಡೆ ಹುಬ್ಬು ಹಾರಿಸಿದರೆ "ಏನು?" ಎಂದು ಕೇಳಿದ ಹಾಗೆ. "ಬೇರೆ ಯಾರೂ ಸಿಗಲ್ವಾ?" ಎಂದು ನಾನು ಕೇಳಿದರೆ ಅವನು ಹುಬ್ಬು ಹಾರಿಸುತ್ತಿದ್ದ. ಕೇಳಿಸಲಿಲ್ಲವೇನೋ ಎಂದು ನಾನು ಮತ್ತೆ ಕೇಳುತ್ತಿದ್ದೆ. ಅವನು ಮತ್ತೆ ಹಾರಿಸುತ್ತಿದ್ದ. ಹೀಗೆ ಎಷ್ಟು ಹೊತ್ತು ಬೇಕಾದರೂ ನಡೆಯುತ್ತಿತ್ತು.

ಬೇರೆ ಯಾರೂ ಸಿಗದಿದ್ದದ್ದು ನಿಜ. ಪರ್ತ್‌ನಲ್ಲಿ ಫಿಲಿಪಿನೋಗಳ ಭಾನುವಾರದ ಲೀಗ್ ಒಂದಿತ್ತು. ಒಂದೊಂದು ಊರಿನವರದು ಒಂದೊಂದು ತಂಡ. ಪ್ರತಿ ತಂಡವೂ ಹೊರಗಿನ ಒಬ್ಬನನ್ನು ಸೇರಿಸಿಕೊಳ್ಳಬಹುದು, ಅವನಿಗೆ "ಇಂಪೋರ್ಟ್" ಎಂದು ಹೆಸರು. ಎಲ್ಲರೂ ಎತ್ತರದವನೊಬ್ಬನನ್ನು ಆಮದು ಮಾಡಿಕೊಂಡಿದ್ದರು, ರೊಮೆಲ್ ತಂಡ ಮಾತ್ರ ಬರಿಗೈ. ಹಿಂದಿನ ವರ್ಷ ಅದೇ ಕಟ್ಟಕಡೆ ಬಂದಿತ್ತು. ಇನ್ನೊಂದು ವರ್ಷ ಕಡೆ ಬಂದರೆ ಲೀಗಿನಿಂದ ಹೊರಗೆ, ಆ ಜಾಗಕ್ಕೆ ಹೊಸ ತಂಡವೊಂದು ಬಾಗಿಲಲ್ಲೇ ಕಾದಿತ್ತು.

"ಹೋದ್ರೆ ಹೋಯ್ತು ಬಿಡು ರೊಮೆಲ್, ಆಟ ತಾನೆ," ಎಂದೆ.

ಅವನ ಮುಖದ ನಗು ಮೊದಲ ಸಲ ಆರಿತು. "ಆಟ ಅಲ್ಲ ಸರ್. ನಮ್ಮೂರಿನವರು ಒಬ್ಬೊಬ್ಬರು ಒಂದೊಂದು ಗಣೀಲಿ, ಒಂದೊಂದು ಆಸ್ಪತ್ರೆ ಶಿಫ್ಟಲ್ಲಿ ಇದೀವಿ. ತಂಡ ಇದೆ ಅಂತ ಭಾನುವಾರ ಸೇರ್ತೀವಿ. ಅದಿಲ್ಲದಿದ್ರೆ ಯಾಕೆ ಸೇರ್ತೀವಿ ಹೇಳಿ?"

ನಮ್ಮ ಕನ್ನಡದವರೂ ಸೇರುತ್ತಿದ್ದರು. ಅದರ ಹಿಂದಿನ ತಿಂಗಳಷ್ಟೇ ಸ್ವಾನ್ ವ್ಯಾಲಿಯಲ್ಲಿ ಪಿಕ್ನಿಕ್ ಇತ್ತು. ಚಿತ್ರಾನ್ನ ಅತಿಥಿಗಳಿಗಿಂತ ಮೊದಲೇ ಬಂದು ಆರಿಹೋಯಿತು. ಕ್ರಿಕೆಟ್ಟಿನಲ್ಲಿ ಅಧ್ಯಕ್ಷರಿಗೆ ಎಲ್‌ಬಿಡಬ್ಲ್ಯು ಕೊಟ್ಟ ಅಂಪೈರು ಸಂಜೆಯೊಳಗೆ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟ. ಈಗ ಎರಡು ಸಂಘಗಳಿವೆ, ಎರಡಕ್ಕೂ ಬೇರೆ ಬೇರೆ ಚಿತ್ರಾನ್ನ. ಹಾಗಾಗಿ ಒಗ್ಗಟ್ಟಿನ ವಿಷಯದಲ್ಲಿ ರೊಮೆಲ್‌ಗೆ ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ.

ನಿಜ ಹೇಳಿಬಿಡುತ್ತೇನೆ. ನನಗೆ ಬಹಳ ಖುಷಿಯಾಗಿತ್ತು. ನಲವತ್ತರ ಹತ್ತಿರ ಬಂದರೂ ನನ್ನ ಉದ್ದವನ್ನು ಅಟ್ಟಕ್ಕಲ್ಲದೆ ಬೇರೆ ಯಾತಕ್ಕೂ ಯಾರೂ ಕೇಳಿರಲಿಲ್ಲ. ಈಗ ಒಂದು ಇಡೀ ಊರು ಅದಕ್ಕಾಗಿ ಕಾದಿತ್ತು. ಅವರ ಭಾಷೆಯಲ್ಲಿ ಅಣ್ಣನಿಗೆ "ಕುಯಾ" ಎನ್ನುತ್ತಾರೆ. ಒಂದು ವಾರದಲ್ಲಿ ನಾನು "ಸರ್" ಹೋಗಿ "ಕುಯಾ ರಾಘು" ಆದೆ. ಎದೆಯ ಮೇಲೆ ಅವರ ಊರಿನ ಹೆಸರು, ಬೆನ್ನ ಮೇಲೆ ನನ್ನ ಹೆಸರು ಅಚ್ಚಾದ ಕೆಂಪು ಜೆರ್ಸಿ ಬಂತು. ಆ ತಂಡ ಲೀಗಿನಲ್ಲಿ ಉಳಿಯಬೇಕು, ತಂಡದಲ್ಲಿ ನಾನು ಉಳಿಯಬೇಕು ಎಂದು ನಾನು ಮನಸಾರೆ ಬಯಸಿದೆ. ಬಯಸುವುದಕ್ಕೆ ಆಟ ಬರಬೇಕಿಲ್ಲವಲ್ಲ.

ಅಮ್ಮ ಆಗ ಆರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದಿದ್ದಳು. ಬಂದ ಎರಡನೇ ವಾರಕ್ಕೇ ಪರ್ತ್ ಅವಳಿಗೆ ಸಾಕಾಗಿತ್ತು. "ಬೀದೀಲಿ ಒಂದು ನರಪಿಳ್ಳೆ ಇಲ್ಲ. ಬೈಯೋಣ ಅಂದ್ರೂ ಯಾರೂ ಸಿಗಲ್ಲ. ಇದೇ ಕೊನೆ ಕಣೋ, ಇನ್ನು ಈ ದೇಶಕ್ಕೆ ನಾನು ಕಾಲಿಡಲ್ಲ," ಎಂದು ದಿನಕ್ಕೊಮ್ಮೆ ಘೋಷಿಸುತ್ತಿದ್ದಳು. ಎದುರುಮನೆಯ ಚೆಂಡಿನ ದಬದಬ ಶಬ್ದವೊಂದೇ ಅವಳಿಗೆ ಇಷ್ಟವಾದದ್ದು. ಊರಿನಲ್ಲಿ ಪಕ್ಕದ ಮನೆಯವರು ಬಟ್ಟೆ ಒಗೆದ ಹಾಗೆ ಕೇಳುತ್ತದೆ ಎನ್ನುತ್ತಿದ್ದಳು.

ಲೀಗಿನ ಉದ್ಘಾಟನೆಯ ಹಿಂದಿನ ದಿನ ರೊಮೆಲ್ ಮುಖ ಸಪ್ಪಗೆ ಮಾಡಿಕೊಂಡು ನಮ್ಮ ಮನೆಗೆ ಬಂದ. ವಿಷಯ ಹೀಗಿತ್ತು. ಅವರಲ್ಲಿ ಆಟ ಶುರುವಾಗುವ ಮೊದಲು ತಂಡಗಳ ಮೆರವಣಿಗೆ. ಪ್ರತಿ ತಂಡದ ಮುಂದೆ ಒಬ್ಬ ಹೆಣ್ಣುಮಗಳು ಅಲಂಕಾರ ಮಾಡಿಕೊಂಡು, ತಂಡದ ಹೆಸರಿನ ಪಟ್ಟಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ನಡೆಯಬೇಕು. ಅವಳನ್ನು "ಮ್ಯೂಸ್" ಎನ್ನುತ್ತಾರೆ. ಮ್ಯೂಸ್ ಇಲ್ಲದ ತಂಡ ಅಂಕಣಕ್ಕೆ ಇಳಿಯುವಂತಿಲ್ಲ. ಚೆಂಡಿಲ್ಲದಿದ್ದರೂ ನಡೆದೀತು, ಮ್ಯೂಸ್ ಇಲ್ಲದೆ ಆಗದು. ತಂಡದ ಮ್ಯೂಸ್ ಆಗಬೇಕಿದ್ದ ಅವನ ಸೋದರ ಸೊಸೆ ನರ್ಸ್, ಅವಳಿಗೆ ಅಂದು ಡ್ಯೂಟಿ ಬಿದ್ದಿತ್ತು. ಅವನ ಹೆಂಡತಿ ನೂರಾರು ಜನಕ್ಕೆ ನೂಡಲ್ಸ್ ಬೇಯಿಸುವ ಹೊಣೆ ಹೊತ್ತಿದ್ದಳು. ಅದಕ್ಕೇ ವಾಣಿಯನ್ನು ಕೇಳಲು ಬಂದಿದ್ದ.

"ನಾನಾ? ಆ ಪಟ್ಟಿ ಹಾಕ್ಕೊಂಡು? ಅಷ್ಟು ಜನದ ಎದುರಿಗಾ?" ಎಂದು ವಾಣಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಏನಂತೋ ಅವನಿಗೆ?" ಎಂದು ಸೊಪ್ಪು ಬಿಡಿಸುತ್ತಿದ್ದ ಅಮ್ಮ ಕೇಳಿದಳು. ವಿವರಿಸಿದೆ.

"ತಂಡದ ಮುಂದೆ ನಡೀಬೇಕು. ಅಷ್ಟೇ ತಾನೆ?" ಎಂದಳು. "ಆಗಸ್ಟ್ ಹದಿನೈದಕ್ಕೆ ಪ್ರಭಾತ್ ಫೇರೀಲಿ ಇಡೀ ಸ್ಕೂಲಿನ ಮುಂದೆ ನಡೀತಿದ್ದೋಳು ನಾನು. ನಾನು ಬರ್ತೀನಿ ಅಂತ ಹೇಳು."

ನಾನು ತಮಾಷೆಯೆಂದುಕೊಂಡು ರೊಮೆಲ್‌ಗೆ ನಗುತ್ತಾ ಹೇಳಿದೆ. ಅವನು ನಗಲಿಲ್ಲ. ಅವರ ಭಾಷೆಯಲ್ಲಿ ಅಮ್ಮನಿಗೆ "ನಾನಾಯ್". "ನಾನಾಯ್!" ಎಂದು ಅವಳ ಸೊಪ್ಪಿನ ಕೈಯನ್ನೇ ಹಿಡಿದು ತನ್ನ ಹಣೆಗೆ ಒತ್ತಿಕೊಂಡ. ಹಿರಿಯರಿಗೆ ಅವರು ಹಾಗೇ ನಮಸ್ಕಾರ ಮಾಡುವುದು. ಅಮ್ಮನಿಗೆ ಅವನ ಸಂಸ್ಕಾರ ತುಂಬಾ ಹಿಡಿಸಿತು. "ನೋಡಿ ಕಲ್ತ್ಕೋ," ಎಂದು ನನಗೆ ಹೇಳಿದಳು.

ಮರುದಿನ ಅಮ್ಮ ಮೈಸೂರು ರೇಷ್ಮೆ ಸೀರೆ ಉಟ್ಟು, ತುರುಬಿಗೆ ವಾಣಿ ಹಿತ್ತಿಲಿನಿಂದ ಕಿತ್ತುಕೊಟ್ಟ ಬಿಳಿ ಗುಲಾಬಿ ಮುಡಿದು ಪಂದ್ಯ ನಡೆಯುವ ಹಾಲ್‌ಗೆ ಬಂದಳು. ಅಲ್ಲಿ ಬೇರೆ ತಂಡಗಳ ಮ್ಯೂಸ್‌ಗಳು ಮಿಂಚುವ ಗೌನುಗಳಲ್ಲಿ, ಎತ್ತರದ ಹಿಮ್ಮಡಿಯಲ್ಲಿ ನಿಂತಿದ್ದರು. ಅವರೆಲ್ಲರಿಗಿಂತ ಮುಂದೆ ಹಿಂದಿನ ವರ್ಷ ಗೆದ್ದ ಮ್ಯೂಸ್, ತಲೆಯ ಮೇಲೆ ಕಿರೀಟ, ಬೆನ್ನ ಹಿಂದೆ ಅವಳ ತಂಡ. ಗೆದ್ದವಳು ಮುಂದಿನ ವರ್ಷ ತನ್ನ ತಂಡದ ಸಮೇತ ಇಡೀ ಮೆರವಣಿಗೆಯನ್ನು ನಡೆಸಬೇಕು, ಅದು ಪದ್ಧತಿ. ನಮ್ಮ ತಂಡ ಎಲ್ಲರಿಗಿಂತ ಹಿಂದೆ. ಅಮ್ಮ ತಿರುಗಿ ನಮ್ಮನ್ನು ನೋಡಿದಳು. ಒಬ್ಬ ಬಾಳೆಹಣ್ಣು ತಿನ್ನುತ್ತಿದ್ದ, ಇನ್ನೊಬ್ಬ ಫೋನಿನಲ್ಲಿದ್ದ.

"ಹೈಟ್ ಆರ್ಡರ್!" ಎಂದು ಕೂಗಿದಳು. ನಿವೃತ್ತಿಯಾಗಿ ವರ್ಷಗಳಾಗಿದ್ದರೂ ಗಂಟಲಿಗೆ ಏನೂ ಆಗಿರಲಿಲ್ಲ. ಲಾರಿಗಳ ಮೆಕ್ಯಾನಿಕ್‌ಗಳು, ಅಡುಗೆಯವರು, ವೆಲ್ಡರ್‌ಗಳು ಎಲ್ಲರೂ ಗಕ್ಕನೆ ಗಿಡ್ಡರಿಂದ ಉದ್ದಕ್ಕೆ ಸಾಲಾದರು. ಯಾವತ್ತಿನ ಹಾಗೆ ನಾನು ಕೊನೆಯವನು. "ಲೆಫ್ಟ್, ರೈಟ್, ಲೆಫ್ಟ್! ಕೈ ಬೀಸಿ! ರೊಮೆಲ್, ಹೊಟ್ಟೆ ಒಳಗೆ!" ಕನ್ನಡದಲ್ಲಿ ಹೇಳಿದರೂ ರೊಮೆಲ್ ಹೊಟ್ಟೆ ಒಳಗೆ ಎಳೆದುಕೊಂಡ. ಬೇರೆ ತಂಡಗಳು ಕೈಬೀಸುತ್ತಾ ನಗುನಗುತ್ತಾ ಹೋದ ದಾರಿಯಲ್ಲಿ ನಾವು ಹೆಜ್ಜೆ ತಪ್ಪದೆ ಕವಾಯತು ಮಾಡುತ್ತಾ ಹೋದೆವು. ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆಮೇಲೆ ಪ್ರಶ್ನೆ. ಮ್ಯೂಸ್‌ಗಳಿಗೆ ಮೈಕು ಕೊಟ್ಟು ಒಂದೊಂದು ಪ್ರಶ್ನೆ ಕೇಳುವುದೂ ಪದ್ಧತಿ. ಉಳಿದವರು ವಿಶ್ವಶಾಂತಿ, ಪ್ರೀತಿ, ಕುಟುಂಬ ಎಂದೆಲ್ಲ ಹೇಳಿದರು. ಯುವಜನರಿಗೆ ನಿಮ್ಮ ಸಂದೇಶವೇನು ಎಂದು ಅಮ್ಮನನ್ನು ಕೇಳಿದರು. ಅಮ್ಮ ಮೈಕನ್ನು ಚಾಕ್‌ಪೀಸಿನಂತೆ ಹಿಡಿದುಕೊಂಡು, ತನ್ನ ಗಣಿತದ ಇಂಗ್ಲಿಷಿನಲ್ಲಿ ಹೇಳಿದಳು: ನೆಟ್ಟಗೆ ನಿಲ್ಲಿ, ಹೊತ್ತಿಗೆ ಸರಿಯಾಗಿ ಬನ್ನಿ, ಸಾಲಿನಲ್ಲಿ ನಿಂತಾಗ ಬಾಳೆಹಣ್ಣು ತಿನ್ನಬೇಡಿ. ಚಪ್ಪಾಳೆ ನಿಲ್ಲಲೇ ಇಲ್ಲ. ಮ್ಯೂಸ್ ಸ್ಪರ್ಧೆಯ ಫಲಿತಾಂಶ ಲೀಗಿನ ಕೊನೆಯ ದಿನಕ್ಕೆಂದು ಸಾರಿದರು.

ಇನ್ನು ನನ್ನ ಆಟ. ಬೇಗ ಮುಗಿಸುತ್ತೇನೆ. ಮೊದಲ ಪಂದ್ಯದ ಮೊದಲ ಕಾಲು ಭಾಗದಲ್ಲಿ ಎದುರಾಳಿಗಳು ನನ್ನನ್ನು ಕಂಡು ಹತ್ತಿರ ಸುಳಿಯಲಿಲ್ಲ. ಎರಡನೆಯ ಕಾಲು ಭಾಗಕ್ಕೆ ಅವರಿಗೆ ಸತ್ಯ ತಿಳಿಯಿತು. ಆಮೇಲೆ ನನ್ನ ಕಂಕುಳ ಕೆಳಗೆ ನುಗ್ಗಿ, ಕೆಲವರು ಕಾಲ ಸಂದಿಯಲ್ಲೇ ಚೆಂಡು ತೂರಿಸಿ ಓಡಾಡತೊಡಗಿದರು. ನನಗೆ ಮಾಡಲು ಬರುತ್ತಿದ್ದ ಒಂದೇ ಕೆಲಸ ರಿಂಗಿನ ಕೆಳಗೆ ನಿಲ್ಲುವುದು. ಅದಕ್ಕೂ ಅಡ್ಡಿ. ರಿಂಗಿನ ಮುಂದಿನ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ರೆಫರಿ ಶಿಳ್ಳೆ ಹೊಡೆಯುತ್ತಾನೆ. ನಾನು ಎಣಿಸುತ್ತಾ ಒಳಗೆ ಹೊರಗೆ ಓಡಾಡುವುದರಲ್ಲೇ ಸುಸ್ತಾಗುತ್ತಿದ್ದೆ. "ಡ್ಯಾಡ್, ಯು ಆರ್ ಜಸ್ಟ್ ಸ್ಟ್ಯಾಂಡಿಂಗ್ ದೇರ್!" ಎಂದು ನನ್ನ ಮಗಳು ಗ್ಯಾಲರಿಯಿಂದ ಕೂಗುತ್ತಿದ್ದಳು. ತನ್ನ ತಂದೆ ಅಷ್ಟಾದರೂ ಮಾಡಬಲ್ಲ ಎಂದು ಅವಳಿಗೆ ಸಂತೋಷವಿರಲಿಲ್ಲ.

ವಿಚಿತ್ರವೆಂದರೆ ತಂಡದಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಪ್ರತಿ ಸೋಲಿನ ಮೇಲೂ ಹಾಲಿನ ಹಿಂದಿನ ಹುಲ್ಲಿನಲ್ಲಿ ಕೂತು ನೂಡಲ್ಸ್, ಕರಿದ ಸುರುಳಿಗಳು. ನನಗೆ ಮಾಂಸವಿಲ್ಲದ್ದನ್ನು ರೊಮೆಲ್‌ನ ಹೆಂಡತಿ ಬೇರೆ ಡಬ್ಬಿಯಲ್ಲಿ ತರುತ್ತಿದ್ದಳು. "ಕುಯಾ, ಇವತ್ತು ಚೆನ್ನಾಗಿ ನಿಂತೆ," ಎಂದು ರೊಮೆಲ್ ಬೆನ್ನು ತಟ್ಟುವನು. ಬೆನ್ನಿಗೆ ಕೈ ಎಟುಕದೆ ಸೊಂಟ ತಟ್ಟುವನು. ಅಮ್ಮ ಮಾತ್ರ ಪ್ರತಿ ಪಂದ್ಯಕ್ಕೂ ಪಟ್ಟಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತು, ಒಂದು ಕೋಡುಬಳೆ ಡಬ್ಬಿಯನ್ನು ಇಡೀ ಊರಿಗೆ ಹಂಚುತ್ತಿದ್ದಳು. ಪರ್ತ್‌ನಲ್ಲಿ ಬೈಯಲು ಅವಳಿಗೆ ಕೊನೆಗೂ ಜನ ಸಿಕ್ಕಿದ್ದರು.

ಕೊನೆಯ ಪಂದ್ಯಕ್ಕೆ ಬಂದಾಗ ಲೆಕ್ಕ ಸರಳವಾಗಿತ್ತು. ಗೆದ್ದರೆ ಕೊನೆಯಿಂದ ಎರಡನೆಯವರು, ಲೀಗಿನಲ್ಲಿ ಉಳಿಯುತ್ತೇವೆ. ಸೋತರೆ ಹೊರಗೆ. ಅಂದು ರೊಮೆಲ್ ಎಂದೂ ಆಡದಷ್ಟು ಚೆನ್ನಾಗಿ ಆಡಿದ. ಗುಂಡಗಿನ ಮೈಯಲ್ಲಿ ಅಷ್ಟು ವೇಗ ಎಲ್ಲಿತ್ತೋ! ಕೊನೆಯ ಗಳಿಗೆಗೆ ನಾವು ಒಂದೇ ಒಂದು ಅಂಕ ಹಿಂದೆ. ಅವನು ಇಬ್ಬರನ್ನು ದಾಟಿ, ಮೂರನೆಯವನು ಅಡ್ಡ ಬಂದಾಗ ಚೆಂಡನ್ನು ನನಗೆ ಎಸೆದ. ನಾನು ರಿಂಗಿನ ಕೆಳಗೆ ಒಬ್ಬನೇ ಇದ್ದೆ. ಎಲ್ಲರೂ ನನ್ನನ್ನು ಮರೆತೇಬಿಟ್ಟಿದ್ದರು, ಅದೂ ಒಂದು ಅನುಕೂಲವೇ. ನಾನು ಚೆಂಡು ಹಿಡಿದೆ. ನೀವು ನಂಬಬೇಕು, ಹಿಡಿದೆ! ಎರಡೂ ಕೈಯಲ್ಲಿ ಮೇಲೆತ್ತಿದೆ. ರಿಂಗ್ ಅಲ್ಲೇ ಇತ್ತು. ಉಪ್ಪಿನಕಾಯಿ ಜಾಡಿ ತಳ್ಳಿದ ಹಾಗೆ ಮೇಲಕ್ಕೆ ತಳ್ಳಿಬಿಟ್ಟರೆ ಸಾಕು.

ಅಷ್ಟರಲ್ಲಿ ನನ್ನ ಕಣ್ಣು ತಾನಾಗಿ ಕೆಳಗೆ ಅಮ್ಮನನ್ನು ಹುಡುಕಿತು.

ಮುಂದಿನ ಸಾಲಿನಲ್ಲಿ ಕೋಡುಬಳೆ ಕೈಯಲ್ಲಿ ಹಿಡಿದು ಅವಳೂ ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಅಭ್ಯಾಸ, ನೋಡಿ. ರಿಂಗನ್ನೊಮ್ಮೆ ನೋಡಿದಳು, ನನ್ನ ಕೈಯನ್ನೊಮ್ಮೆ ನೋಡಿದಳು. "ಸ್ವಲ್ಪ ಎಡಕ್ಕೆ," ಎಂದಳು. ನಾನು ಸ್ವಲ್ಪ ಎಡಕ್ಕೆ ತಂದೆ. ಆಟ ಮುಗಿದ ಸೈರನ್ ಕೂಗಿತು.

ಚೆಂಡು ಇನ್ನೂ ನನ್ನ ಕೈಯಲ್ಲೇ ಇತ್ತು. ರೊಮೆಲ್ ಅಂಕಣದ ನಡುವೆ ಕೂತು ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಜನ ನಗುತ್ತಿದ್ದರು, ನಗುವುದು ಸಹಜವೇ, ಆದರೆ ನನಗೆ ಅಂದು ಒಂದು ಚೂರೂ ನಗು ಬರಲಿಲ್ಲ. ಅವರು ನನಗೆ ಒಂದು ಊರನ್ನೇ ಕೊಟ್ಟಿದ್ದರು. ನಾನು ಅದನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಿದ್ದೆ. ಜೆರ್ಸಿಯನ್ನು ಬಿಚ್ಚಿ ಕೊಟ್ಟು ಮನೆಗೆ ಹೋಗೋಣವೆಂದು ವಾಣಿಗೆ ಹೇಳಿದೆ.

"ಬಹುಮಾನ ಇದೆ ಇರಿ. ಅತ್ತೆ ಏಳ್ತಾ ಇಲ್ಲ," ಎಂದಳು.

ಅತ್ತೆ ಏಳದಿದ್ದುದಕ್ಕೆ ಕಾರಣವಿತ್ತು. ಎಲ್ಲ ಟ್ರೋಫಿಗಳೂ ಮುಗಿದ ಮೇಲೆ, ಆಟದವರಿಗೆ ಕೊಟ್ಟದ್ದಕ್ಕಿಂತ ದೊಡ್ಡದೊಂದು ಟ್ರೋಫಿಯ ಜೊತೆ ಕಿರೀಟ ಬಂತು. ಆ ವರ್ಷದ ಮ್ಯೂಸ್, ನಂಜನಗೂಡಿನ ನಿವೃತ್ತ ಗಣಿತ ಶಿಕ್ಷಕಿ. ಕಿರೀಟ ತುರುಬಿಗೆ ಸಿಕ್ಕಿಕೊಂಡು ಓರೆಯಾಗಿ ಕೂತಿತು. ಅಮ್ಮ ನೆಟ್ಟಗೆ ನಿಂತು, ಧ್ವಜವಂದನೆಯ ಮುಖ ಮಾಡಿಕೊಂಡಳು.

ಚಪ್ಪಾಳೆ ನಿಲ್ಲುತ್ತಿದ್ದಂತೆ ವೇದಿಕೆಯ ಮೇಲೆ ಗುಸುಗುಸು ಶುರುವಾಯಿತು. ಸಮಿತಿಯವರ ಮುಖದಲ್ಲಿ ಗಾಬರಿ. ಮುಂದಿನ ವರ್ಷದ ಮೆರವಣಿಗೆಯನ್ನು ಈ ಮ್ಯೂಸ್ ನಡೆಸಬೇಕು. ಮ್ಯೂಸ್‌ನ ಬೆನ್ನ ಹಿಂದೆ ಅವಳ ತಂಡ ಬರಬೇಕು. ಆ ತಂಡವನ್ನು ಅವರು ಈಗಷ್ಟೇ ಲೀಗಿನಿಂದ ಹೊರಹಾಕಿದ್ದರು. ಆಟದ ನಿಯಮವನ್ನು ಮುರಿಯಬಹುದು, ಕಿರೀಟದ ಪದ್ಧತಿಯನ್ನು ಮುರಿಯುವುದುಂಟೇ! ಸ್ವಲ್ಪ ಹೊತ್ತಿನ ಚರ್ಚೆಯ ಬಳಿಕ ಮುಖ್ಯಸ್ಥರು ಮೈಕು ಹಿಡಿದು, ಮುಂದಿನ ವರ್ಷ ಲೀಗಿನಲ್ಲಿ ಒಂದು ತಂಡ ಹೆಚ್ಚಿರುತ್ತದೆ, ಹೊಸ ತಂಡವೂ ಬರುತ್ತದೆ, ನಾನಾಯ್ ಅವರ ತಂಡವೂ ಇರುತ್ತದೆ ಎಂದು ಸಾರಿದರು. ರೊಮೆಲ್ ಅತ್ತ ಕಣ್ಣಿನಲ್ಲೇ ಓಡಿಬಂದು ಅಮ್ಮನ ಕೈಯನ್ನು ಹಣೆಗೆ ಒತ್ತಿಕೊಂಡ. ಇಡೀ ತಂಡ ಗಿಡ್ಡರಿಂದ ಉದ್ದಕ್ಕೆ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಒತ್ತಿಕೊಂಡರು. ಕೊನೆಗೆ ನಾನೂ ಬಗ್ಗಿ ಒತ್ತಿಕೊಂಡೆ. ನನ್ನ ಆರಡಿ ಮೂರಿಂಚು ಮಾಡಲಾಗದ್ದನ್ನು ಆ ಐದಡಿಯೂ ಇಲ್ಲದ ಹೆಂಗಸು ಮಾಡಿದ್ದಳು.

ಮುಂದಿನ ವರ್ಷ ಬರುವುದರೊಳಗೆ ಅದಿರಿನ ಬೆಲೆ ಬಿತ್ತು. ಕಲ್ಲು ಗುರುತಿಸುವವರನ್ನು ಕಂಪನಿಗಳು ಕರೆದಷ್ಟೇ ವೇಗದಲ್ಲಿ ಬೀಳ್ಕೊಟ್ಟವು. ಅಡಿಲೇಡಿನಲ್ಲಿ ತಾಮ್ರದ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಇಲ್ಲಿಗೂ ಒಮ್ಮೆ ಬಾರಮ್ಮ ಎಂದು ಫೋನಿನಲ್ಲಿ ಅಳುಕುತ್ತಲೇ ಕೇಳಿದೆ.

"ಬರದೆ ಇರಕ್ಕಾಗುತ್ತೇನೋ?" ಎಂದಳು ಅಮ್ಮ. "ಟಿಕೆಟ್ ಆಯ್ತು. ಪರ್ತ್‌ಗೆ ತಗೊಂಡಿದೀನಿ. ರೊಮೆಲ್ ಏರ್‌ಪೋರ್ಟಿಗೆ ಬರ್ತಾನೆ, ಅವರ ಮನೇಲೇ ಇರ್ತೀನಿ. ಕಿರೀಟದ ಜವಾಬ್ದಾರಿ ಕಣೋ, ಹುಡುಗಾಟ ಅಲ್ಲ. ಅದು ಮುಗಿದ ಮೇಲೆ ನಿಮ್ಮಲ್ಲಿಗೂ ಒಂದ್ನಾಲ್ಕು ದಿನ ಬಂದು ಹೋಗ್ತೀನಿ."

ತಂಡದವರು ಅವಳಿಗಾಗಿ ಚಿಕ್ಕ ಅಳತೆಯ ಕೆಂಪು ಜೆರ್ಸಿಯೊಂದನ್ನು ಹೊಲಿಸಿದ್ದರು, ಬೆನ್ನ ಮೇಲೆ "ನಾನಾಯ್" ಎಂದು ಅಚ್ಚು. ಅದು ಈಗ ನಂಜನಗೂಡಿನ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆಯ ಜೊತೆ ಭದ್ರವಾಗಿದೆ. ನನ್ನದು ಎಲ್ಲಿದೆಯೆಂದು ಆಗಲೇ ಹೇಳಿದ್ದೇನೆ.

ಉದ್ಘಾಟನೆಗೆ ನಾನೂ ಪರ್ತ್‌ಗೆ ಹೋದೆ. ಯಾವುದಕ್ಕೂ ಇರಲಿ ಎಂದು ಬ್ಯಾಗಿನಲ್ಲಿ ಬೂಟು, ಜೆರ್ಸಿ ಇಟ್ಟುಕೊಂಡಿದ್ದೆ. ರೊಮೆಲ್ ತಂಡಕ್ಕೆ ಹೊಸ ಇಂಪೋರ್ಟ್ ಬಂದಿದ್ದ. ಸುಡಾನ್ ಕಡೆಯ ಕಾಲೇಜು ವಿದ್ಯಾರ್ಥಿ, ನನಗಿಂತ ಒಂದು ಗೇಣು ಎತ್ತರ, ಚೆಂಡು ಅವನ ಮಾತು ಕೇಳುತ್ತಿತ್ತು. ನಾನು ಬ್ಯಾಗಿನ ಜಿಪ್ ಎಳೆದು ಮುಚ್ಚಿದೆ. ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಹಾಗಾದ್ರೆ ನಾನಿನ್ನೂ ತಂಡದಲ್ಲಿ ಇದೀನಾ ರೊಮೆಲ್?" ಎಂದು ತಮಾಷೆಯ ದನಿಯಲ್ಲಿ ಕೇಳಿದೆ.

ಅವನು ಎರಡೂ ಹುಬ್ಬು ಹಾರಿಸಿದ. ಈ ಸಲ ನಾನು ಮತ್ತೆ ಕೇಳಲಿಲ್ಲ.

ಹಾಲಿನ ಗೋಡೆಗೆ ತಂಡದ ಬ್ಯಾನರ್ ಕಟ್ಟಬೇಕಿತ್ತು. ಮೊಳೆಗಳು ತೀರಾ ಮೇಲಿದ್ದವು. ಯಾರೋ ಏಣಿ ತರಲು ಹೊರಟರು. ಹೊಸ ಇಂಪೋರ್ಟ್ ತಾನು ಕಟ್ಟುತ್ತೇನೆಂದು ಮುಂದೆ ಬಂದ. ರೊಮೆಲ್ ಇಬ್ಬರನ್ನೂ ತಡೆದ. "ನೀನು ಬೇಡ, ಕೈಗೆ ಏನಾದ್ರೂ ಆದ್ರೆ ಆಟ ಕೆಡುತ್ತೆ. ಏಣೀನೂ ಬೇಡ. ನಮ್ಮಲ್ಲಿ ಕುಯಾ ರಾಘು ಇದಾನೆ," ಎಂದು ಇಡೀ ಹಾಲಿಗೆ ಕೇಳುವಂತೆ ಹೆಮ್ಮೆಯಿಂದ ಹೇಳಿದ.

ನಾನು ಒಂದು ಬೆಂಚಿನ ಮೇಲೆ ನಿಂತು ಬ್ಯಾನರಿನ ಎರಡು ತುದಿಗಳನ್ನೂ ಮೇಲೆತ್ತಿ ಹಿಡಿದೆ. ಅಭ್ಯಾಸದಂತೆ ಕೆಳಗೆ ನೋಡಿದೆ. ಅಮ್ಮ ಓರೆಯಾದ ಕಿರೀಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತಿದ್ದಳು. ಅವಳ ಹಿಂದೆ ಇಡೀ ತಂಡ ಗಿಡ್ಡರಿಂದ ಉದ್ದಕ್ಕೆ ಸಾಲಾಗಿ ನಿಂತಿತ್ತು. ಕೊನೆಯಲ್ಲಿ ನಿಂತ ಹೊಸ ಇಂಪೋರ್ಟಿನ ಮುಂದೆ ಒಬ್ಬನ ಜಾಗ ಖಾಲಿ ಬಿಟ್ಟಿದ್ದರು.

"ಸ್ವಲ್ಪ ಎಡಕ್ಕೆ," ಎಂದಳು. "ಅಷ್ಟಲ್ಲ. ಹಾಂ, ಈಗ ಬಿಡು."

ಬಿಟ್ಟೆ. ಬ್ಯಾನರ್ ಬೀಳಲಿಲ್ಲ.